ಬಸ್ಸಿನ ಬೆನ್ನಿಗೆ ಒಂದು ತಟ್ಟು

ಸತ್ತವರ ಸುದ್ದಿ ಹೇಳಿ ಹೆದರಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅಂಥ ಮಾತು ಶುರುವಾದರೆ ಗಡಿಯಾರ ನೋಡಿ ಎದ್ದುಬಿಡುತ್ತಿದ್ದೆ. ಈಗ ಅದೇ ಬಗೆಯ ಒಂದು ಸಂಗತಿಯನ್ನು ನಾನೇ ಬರೆಯಲು ಕೂತಿದ್ದೇನೆ. ನೀವೂ ಎದ್ದು ಹೋದರೆ ನನಗೇನೂ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹಾವೇರಿ ಕಡೆಯಿಂದ ಕೆಲಸ ಹುಡುಕಿಕೊಂಡು ಬಂದ ನಾನು ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಟೈಮ್ ಕೀಪರ್ ಆಗಿದ್ದೆ. ಅಲ್ಲಿ ನಿಮಿಷ ನಿಮಿಷಕ್ಕೂ ಜಗಳ. ನಮ್ಮ ಬಸ್ ಹೊರಡುವುದು ಸ್ವಲ್ಪ ತಡವಾದರೂ ಹಿಂದಿನ ಬಸ್ಸಿನವರು ನನ್ನ ಕಾಲರಿಗೇ ಕೈ ಹಾಕುತ್ತಿದ್ದರು. ನನಗೆ ತುಳು ಬರುತ್ತಿರಲಿಲ್ಲ. ಸುತ್ತಲಿನವರು ನಗುತ್ತ ಮಾತಾಡುತ್ತಿದ್ದರೆ ನಾನು ಟೈಮ್ ಬರೆಯುತ್ತ ನಿಂತಿರುತ್ತಿದ್ದೆ. ಸಂಜೆ ಕೋಣೆಯ ಬಾಗಿಲು ಹಾಕಿದರೆ ಮರುದಿನದವರೆಗೆ ಬಾಯಿ ತೆರೆಯುವ ಪ್ರಸಂಗವೇ ಇರಲಿಲ್ಲ.

ನನ್ನನ್ನು ಮಾತಾಡಿಸುತ್ತಿದ್ದವರು ಸಂಜೀವಣ್ಣ ಒಬ್ಬರೇ. ಊರುಗಳ ಹೆಸರು ಕೂಗಿ ಬಸ್ ತುಂಬಿಸುತ್ತಿದ್ದ ನಮ್ಮ ಏಜೆಂಟ್ ಅವರು. ಬಲಗೈಯಲ್ಲಿ ದಪ್ಪನೆಯ ತಾಮ್ರದ ಉಂಗುರ. ಅದರಿಂದ ಬಸ್ಸಿನ ಹಿಂಬದಿಯ ತಗಡಿಗೆ ಎರಡು ಸಲ ತಟ್ಟಿದರೆ ಹೊರಡು ಎಂದರ್ಥ, ಒಂದೇ ಸಲ ತಟ್ಟಿದರೆ ನಿಲ್ಲು. ಡ್ರೈವರುಗಳು ಕಂಡಕ್ಟರನ ವಿಸಿಲ್ಲಿಗಿಂತ ಆ ಸದ್ದನ್ನೇ ಹೆಚ್ಚು ನಂಬುತ್ತಿದ್ದರು. ದಿನವೂ ಬರುವವರು ಯಾರಾದರೂ ಕಾಣದಿದ್ದರೆ ಸಂಜೀವಣ್ಣ ಒಂದು ತಟ್ಟು ಕೊಟ್ಟು ಬಸ್ಸನ್ನು ಹಿಡಿದಿಟ್ಟು, ರಸ್ತೆಯ ತುದಿಗೆ ಹೋಗಿ ‘ಬೇಗ ಬಲೆ’, ಬೇಗ ಬನ್ನಿ, ಎಂದು ತುಳುವಿನಲ್ಲಿ ಅವರನ್ನು ಕೂಗಿ ಕರೆಯುತ್ತಿದ್ದರು. ನಾನು ಗಡಿಯಾರ ತೋರಿಸಿ ಸಿಡಿಮಿಡಿಗುಟ್ಟುತ್ತಿದ್ದೆ.

ಹಾಗೆ ಕರೆಸಿಕೊಳ್ಳುತ್ತಿದ್ದವರಲ್ಲಿ ಸಿಸ್ಟರ್ ಲಿಲ್ಲಿ ಒಬ್ಬರು. ಬಲ್ಮಠದ ಕಡೆ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್. ನಮ್ಮ ಕೊನೆಯ ಬಸ್ಸಿಗೆ ಬಲ್ಮಠದಲ್ಲಿ ಸ್ಟಾಪ್ ಇರಲಿಲ್ಲ. ಆದ್ದರಿಂದ ಡ್ಯೂಟಿ ಮುಗಿಸಿ ಹಂಪನಕಟ್ಟೆಗೆ ಇಳಿದು ಬಂದು, ಗುರುಪುರದ ಆಚೆಗಿನ ತಮ್ಮ ಊರಿಗೆ ಹೋಗುತ್ತಿದ್ದರು. ಮನೆಯಲ್ಲಿದ್ದದ್ದು ತಾಯಿ ಮಾತ್ರ. ಆ ತಾಯಿಗೆ ಲಕ್ವ ಹೊಡೆದಾಗ ಸಿಸ್ಟರ್ ಒಂದು ತಿಂಗಳು ರಜೆ ಹಾಕಿದರು. ಅದೇ ದಿನಗಳಲ್ಲಿ ಸಂಜೀವಣ್ಣ ಕಾಮಾಲೆಯಾಗಿ ಮಲಗಿದರು. ದೇರೆಬೈಲಿನ ಅವರ ಮನೆಗೆ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡು, “ಸಿಸ್ಟರ್ ಡ್ಯೂಟಿಗೆ ಬಂದ ಮೇಲೆ ಅವರನ್ನು ಬಿಟ್ಟು ಲಾಸ್ಟ್ ಬಸ್ ಬಿಡ್ಬೇಡ ಮಾರಾಯ. ಅಲ್ಲಿ ಅಮ್ಮ ಒಬ್ಬರೇ ಇರುವುದು” ಎಂದರು. ಆಯಿತು ಎಂದೆ. ನಾಲ್ಕು ದಿನಕ್ಕೆ ಸಂಜೀವಣ್ಣ ತೀರಿಕೊಂಡರು.

ರಜೆ ಮುಗಿಸಿದ ಸಿಸ್ಟರ್ ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿದು, ದೂರದಿಂದಲೇ ಕೈ ಎತ್ತಿ ಅವಸರದಲ್ಲಿ ಹೋದರು. ಅಂದು ಸಂಜೆ ಏಳು ಹತ್ತರ ಕೊನೆಯ ಬಸ್ ತುಂಬಿ ನಿಂತಿತ್ತು. ಸಿಸ್ಟರ್ ಬಂದಿರಲಿಲ್ಲ. ಹಿಂದಿನ ಬಸ್ಸಿನ ಏಜೆಂಟ್, “ಎಂತ ಮಾರಾಯ, ಬಸ್ಸನ್ನು ಇಲ್ಲೇ ನೆಡ್ತೀಯಾ?” ಎಂದು ಎಲ್ಲರೆದುರು ಕೂಗಿದ. ನನಗೆ ಅವಮಾನವಾಯಿತು. ಕೊಟ್ಟ ಮಾತು ನೆನಪಿರಲಿಲ್ಲವೆಂದು ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ನೆನಪಿತ್ತು. ಆದರೂ ಹೊರಡಲು ಹೇಳಿದೆ. ಬಸ್ ಬಲ್ಮಠದ ಏರಿನ ಕಡೆಗೆ ತಿರುಗುವುದನ್ನು ನೋಡುತ್ತ ನಿಂತೆ. ಅಷ್ಟು ಜನರ ನಡುವೆ ನನ್ನಷ್ಟು ಒಂಟಿಯಾದವನು ಇನ್ನೊಬ್ಬನಿರಲಾರ ಎನಿಸಿತು. ಎಂಟು ಗಂಟೆಯವರೆಗೂ ಕಾದೆ. ಸಿಸ್ಟರ್ ಬರಲೇ ಇಲ್ಲ.

ಮರುದಿನ ಬೆಳಿಗ್ಗೆ ಕಂಡಕ್ಟರ್ ವಾಮನ ನೇರವಾಗಿ ನನ್ನ ಹತ್ತಿರ ಬಂದ. “ನಿನ್ನೆ ಬಸ್ಸಿನ ಹಿಂದೆ ಏಣಿಯಲ್ಲಿ ನೇತುಕೊಂಡು ಬಂದದ್ದು ನೀವಾ?” ಎಂದು ಕೇಳಿದ. ಬಲ್ಮಠದ ಏರಿನಲ್ಲಿ ಬಸ್ಸಿನ ಬೆನ್ನಿಗೆ ಒಂದು ತಟ್ಟು ಬಿತ್ತಂತೆ. ಡ್ರೈವರ್ ಅಭ್ಯಾಸ ಬಲದಿಂದ ನಿಲ್ಲಿಸಿದ. ವಾಮನ ಇಳಿದು ನೋಡಿದರೆ ಹಿಂದೆ ಏಣಿಯಲ್ಲಿ ಯಾರೂ ಇಲ್ಲ. ಅಡ್ಡರಸ್ತೆಯಿಂದ ಸಿಸ್ಟರ್ ಓಡಿ ಬರುತ್ತಿದ್ದಾರೆ. “ಕಲ್ಲು ಸಿಡಿದಿರಬೇಕು” ಎಂದೆ. “ಕಲ್ಲಿನ ಸದ್ದು ನನಗೆ ಗೊತ್ತುಂಟು” ಎಂದು ಬಸ್ಸಿನ ಕಡೆಗೆ ಹೋದ.

ಎರಡು ವಾರ ಕಳೆದು ಸಿಸ್ಟರ್ ಬಂದರು. ಕಪ್ಪು ಸೀರೆ ಉಟ್ಟಿದ್ದರು. ಆ ರಾತ್ರಿ ಮನೆ ಸೇರಿ ಒಂದು ಗಂಟೆಯೊಳಗೆ ತಾಯಿ ಹೋದರಂತೆ, ಇವರ ಕೈಯಿಂದ ಎರಡು ಚಮಚ ಗಂಜಿತಿಳಿ ಕುಡಿದು. ಆಮೇಲೆ ಸುತ್ತ ನೋಡಿ, “ಸಂಜೀವಣ್ಣ ಎಲ್ಲಿ? ಅವರಿಗೊಂದು ಥ್ಯಾಂಕ್ಸ್ ಹೇಳ್ಲಿಕ್ಕುಂಟು” ಎಂದರು. “ಡ್ಯೂಟಿ ಮುಗಿಯುವಾಗ ತಡವಾಗಿತ್ತು. ಬಸ್ ಹೋಗಿರ್ತದೆ ಅಂತ ಗೇಟಿನಲ್ಲೇ ನಿಂತಿದ್ದೆ. ‘ಓ ಸಿಸ್ಟರ್, ಬೇಗ ಬಲೆ’ ಅಂತ ಅವರು ಕರೆದದ್ದು ಕೇಳಿಯೇ ನಾನು ಓಡಿದ್ದು.”

ಅವರಿಗೆ ಯಾರೂ ಹೇಳಿರಲಿಲ್ಲ. ನನ್ನಿಂದಲೂ ಹೇಳಲಾಗಲಿಲ್ಲ. ರಜೆಯಲ್ಲಿದ್ದಾರೆ ಎಂದುಬಿಟ್ಟೆ. ಆ ಭಾನುವಾರ ದೇರೆಬೈಲಿಗೆ ಹೋಗಿ, ಸುಮ್ಮನೆ ಬಂದವನಂತೆ ಸಂಜೀವಣ್ಣನ ಹೆಂಡತಿಯ ಬಳಿ ಉಂಗುರದ ಮಾತು ತೆಗೆದೆ. ಅದು ಬೆರಳಿನಿಂದ ಬರಲೇ ಇಲ್ಲ, ಹಾಗೆಯೇ ಕಳಿಸಿಕೊಟ್ಟೆವು ಎಂದರು.

ಆ ವರ್ಷದ ಕ್ರಿಸ್ಮಸ್ ಕಳೆದ ಕೂಡಲೇ ಸಿಸ್ಟರ್ ಕುವೈತಿಗೆ ಹೊರಟರು. ಬೊಂಬಾಯಿ ಬಸ್ ಹತ್ತುವ ಮೊದಲು ಹಬ್ಬದ ತಿಂಡಿಯ ಒಂದು ಪೊಟ್ಟಣವನ್ನು ನನ್ನ ಕೈಗಿಟ್ಟು, “ಸಂಜೀವಣ್ಣನಿಗೆ ಕೊಡಿ, ಮರೀಬೇಡಿ” ಎಂದರು. ತಲೆಯಾಡಿಸಿದೆ. ಅಷ್ಟರಲ್ಲಿ ಅವರಿಗೆ ಸುದ್ದಿ ಗೊತ್ತಾಗಿತ್ತೋ ಏನೋ, ನಾನು ಕೇಳಲಿಲ್ಲ. ಕೋಣೆಗೆ ಒಯ್ದು ಆ ಚಕ್ಕುಲಿ, ನಮ್ಮ ಕಡೆಯ ಕರ್ಚಿಕಾಯಿಯಂಥ ನೇವ್ರಿಗಳನ್ನು ನಾಲ್ಕು ದಿನ ಒಬ್ಬನೇ ತಿಂದೆ. ಹಂಚಿಕೊಳ್ಳಲು ಇದ್ದವರು ಸಂಜೀವಣ್ಣ ಒಬ್ಬರೇ.

ಕಲ್ಲೇ ಸಿಡಿದಿರಬಹುದು. ಬೇರೆ ಯಾರೋ ಕೂಗಿದ್ದು ಸಿಸ್ಟರಿಗೆ ಹಾಗೆ ಕೇಳಿಸಿರಬಹುದು. ಆದರೆ ಎರಡೂ ಒಂದೇ ಗಳಿಗೆಯಲ್ಲಿ ಆದದ್ದು ಹೇಗೆ? ಆಮೇಲೆ ನಾನು ತುಳು ಕಲಿತೆ, ಬೈಸಿಕೊಂಡರೂ ಕೊನೆಯ ಬಸ್ಸನ್ನು ನಿಲ್ಲಿಸಿ ಕರೆಯುವುದನ್ನೂ ಕಲಿತೆ. ಜನ ಓಡಿ ಬರುತ್ತಿದ್ದರು. ಆದರೆ ಬಸ್ಸಿನ ಬೆನ್ನಿಗೆ ಎಷ್ಟು ಗಟ್ಟಿಯಾಗಿ ತಟ್ಟಿದರೂ ನನ್ನ ಬರಿಯ ಬೆರಳಿಗೆ ಆ ಸದ್ದು ಒಂದು ದಿನವೂ ಬರಲಿಲ್ಲ.