ದೊಡ್ಡಮ್ಮ ಹೆಣೆದ ಬಲೆಯ ತುಂಡು

ನಾನು ಕಡಲನ್ನು ನೋಡುವ ಮೊದಲೇ ಅದರ ಮಾತುಗಳನ್ನು ಕಲಿತಿದ್ದೆ. ಕಲಿಸಿದವಳು ನನ್ನ ದೊಡ್ಡಮ್ಮ, ಅಮ್ಮನ ಅಕ್ಕ. ಕಲಿತದ್ದು ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ. ಮಕ್ಕಳೇ, ಇದನ್ನೆಲ್ಲ ಕೂತು ಹೇಳು ಅಂದರೆ ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆಗ ತೋಟಗಳೆಲ್ಲ ಬಿಳಿಯ ದೊರೆಗಳ ಕೈಯಲ್ಲಿದ್ದವು. ಅಪ್ಪ ಅಮ್ಮ ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದು ಕೆಲಸಕ್ಕೆ ನಿಂತವರು. ದೊಡ್ಡಮ್ಮ ಮೀನು ಹಿಡಿಯುವವರ ಮನೆಗೆ ಮದುವೆಯಾಗಿ ಕಡಲ ದಂಡೆಯಲ್ಲೇ ಉಳಿದಿದ್ದಳು. ದೊಡ್ಡಪ್ಪ ತೀರಿಕೊಂಡ ಮಾರನೇ ವರ್ಷ, ಮಳೆಗಾಲದ ಶುರುವಿನಲ್ಲಿ, ಒಂದು ದೊಡ್ಡ ನೂಲಿನ ಗಂಟು ಹೊತ್ತುಕೊಂಡು ನಮ್ಮಲ್ಲಿಗೆ ಬಂದಳು. ನನಗೆ ಹನ್ನೆರಡೋ ಹದಿಮೂರೋ ವರ್ಷ.

ಅವರ ಊರಿನ ದೊಡ್ಡ ಬಲೆಗೆ ರಂಪಣಿ ಎಂದು ಹೆಸರು. ಅದು ಯಾರೊಬ್ಬರ ಸೊತ್ತೂ ಅಲ್ಲ. ಒಂದೊಂದು ಮನೆಯವರು ಒಂದೊಂದು ತುಂಡು ಹೆಣೆದು ತರುತ್ತಾರೆ, ಎಲ್ಲ ತುಂಡುಗಳನ್ನೂ ಸಾಲಾಗಿ ಜೋಡಿಸಿದರೆ ಒಂದು ಬಲೆ. ತುಂಡು ಕೊಟ್ಟ ಮನೆಗೆ ಮೀನಿನಲ್ಲಿ ಪಾಲು. ದೊಡ್ಡಪ್ಪನ ತುಂಡು ಲಡ್ಡಾಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಹೊಸ ತುಂಡು ಹೆಣೆದು ಕೊಟ್ಟು, ಬಲೆಯ ಮುಖಂಡನಾದ ತಂಡೇಲ ಅದನ್ನು ಒಪ್ಪಿದರೆ ದೊಡ್ಡಮ್ಮ ತನ್ನ ಮನೆಯಲ್ಲೇ ಇರಬಹುದು. ಒಪ್ಪದಿದ್ದರೆ ಮನೆಗೆ ಬೀಗ ಹಾಕಿ ಲೈನಿಗೆ ಬಂದು, ಉಳಿದ ಬಾಳನ್ನು ಕಾಫಿ ಗಿಡಗಳ ಬುಡದಲ್ಲಿ ಕಳೆಯಬೇಕು.

ಮಳೆಗಾಲದಲ್ಲಿ ಕಡಲು ಮುಚ್ಚಿರುತ್ತದೆ ಎನ್ನುತ್ತಿದ್ದಳು, ಅಂಗಡಿ ಮುಚ್ಚಿದೆ ಎನ್ನುವ ಹಾಗೆ. ಹಗಲು ನಮ್ಮ ಜೊತೆ ಕಂಬಳಿಕೊಪ್ಪೆ ಹಾಕಿಕೊಂಡು ಕಳೆ ತೆಗೆಯುವಳು. ಸಂಜೆ ಒಲೆಯ ಬದಿಯಲ್ಲಿ ಕೂತು ಬಿದಿರಿನ ಸೂಜಿಯಲ್ಲಿ ಹೆಣೆಯುವಳು. ಹೆಣೆದ ನೂಲಿನ ನಡುವಿನ ಒಂದೊಂದು ಕಿಂಡಿಯೂ ಒಂದು ಕಣ್ಣು.

"ಕಣ್ಣ್ ದೊಡ್ಡ ಆದ್ರೆ ಬಂಗುಡೆ ನುಸುಳಿ ಹೋತ್ತ್ ಮಗಾ. ಸಣ್ಣ ಆದ್ರೆ ನೀರ್ ಭಾರ, ಎಳುಕೆ ಆತ್ತಿಲ್ಲ."

ಕಡಲಿಗೆ ಕಣ್ಣು ಹೆಣೆಯುವವಳು ನಮ್ಮ ಒಲೆಯ ಬುಡದಲ್ಲಿ ಕೂತಿದ್ದಾಳೆ ಎಂದು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಲೈನಿನವರಿಗೆ ಅದೊಂದು ತಮಾಷೆ. ಮೇಸ್ತ್ರಿ ದಿನಾ ಬಾಗಿಲಲ್ಲಿ ಇಣುಕಿ, "ಏನಕ್ಕಾ, ನಮ್ಮ ತೋಟದ ಜಿಗಣೆ ಹಿಡಿಯೋಕಾ ಬಲೆ?" ಎನ್ನುವನು. "ಮೊದ್ಲ್ ನಿನ್ನನ್ನೇ ಹಿಡಿತೆ, ನಿಲ್ಲ್" ಎನ್ನುವಳು ದೊಡ್ಡಮ್ಮ.

ಬಲೆ ಕೊಳೆಯದಿರಲು ತೊಗಟೆಯ ಚೊಗರು ನೀರಿನಲ್ಲಿ ಕುದಿಸಬೇಕು. ಅವರ ಊರಿನಲ್ಲಿ ಬಳಸುವ ತೊಗಟೆ ನಮ್ಮಲ್ಲಿ ಸಿಗಲಿಲ್ಲ. ಅಪ್ಪ ಕಾಡಿನಿಂದ ಮತ್ತಿ ಮರದ ತೊಗಟೆ ತಂದರು. ಕುದಿಸಿ ತೆಗೆದರೆ ತುಂಡು ಕಂದುಬಣ್ಣಕ್ಕೆ ತಿರುಗುವ ಬದಲು ಕಪ್ಪಗಾಗಿತ್ತು. ದೊಡ್ಡಮ್ಮ ಅದನ್ನು ಬೆಳಕಿಗೆ ಹಿಡಿದು ಒಂದೊಂದು ಗಂಟನ್ನೂ ಜಗ್ಗಿ ನೋಡಿದಳು.

ನೂಲಹುಣ್ಣಿಮೆ ಕಳೆದು ಮಳೆ ಇಳಿದ ಮೇಲೆ ಅಪ್ಪ, ದೊಡ್ಡಮ್ಮ, ನಾನು ಹೊರಟೆವು. ಚಾರ್ಮಾಡಿ ಇಳಿಯುವ ತನಕ ಗಾಡಿ, ಆಮೇಲೆ ಬಸ್ಸು. ಸೇತುವೆ ಇಲ್ಲದ ಹೊಳೆಗಳನ್ನು ದೋಣಿಯಲ್ಲಿ ದಾಟಿದೆವು. ಕೊನೆಗೆ ಒಂದು ಮರಳುದಿಬ್ಬ ಹತ್ತಿದಾಗ ಎದುರಿಗೆ ಏನೂ ಇರಲಿಲ್ಲ. ನಮ್ಮಲ್ಲಿ ಎತ್ತ ನೋಡಿದರೂ ಕಣ್ಣಿಗೆ ಒಂದು ಗುಡ್ಡ ಸಿಗುತ್ತದೆ. ಅಲ್ಲಿ ಕಣ್ಣು ಹೋಗಿ ಹೋಗಿ ನಿಲ್ಲಲು ಜಾಗವಿಲ್ಲದೆ ನನಗೆ ತಲೆ ತಿರುಗಿತು. ಅಪ್ಪನ ಅಂಗಿ ಹಿಡಿದುಕೊಂಡು ಮರಳಿನ ಮೇಲೆ ಕೂತುಬಿಟ್ಟೆ.

ಮಾರನೇ ದಿನ ಬೆಳಿಗ್ಗೆ ದಂಡೆಯಲ್ಲಿ ತುಂಡು ಜೋಡಿಸುವ ಕೆಲಸ. ದೊಡ್ಡಮ್ಮನದನ್ನು ಬಿಚ್ಚಿದ್ದೇ ತಡ, ಗಂಡಸರು ಸುತ್ತ ನೆರೆದರು.

"ಎಂತದ್ ಇದ್, ಘಟ್ಟದ್ ಮೇಲಿನ ಕಂಬ್ಳಿಯಾ?"

"ಕಾಫಿ ಕಷಾಯದಗೆ ಅದ್ದಿದ್ ಮಾರಾಯ. ಇದಕ್ಕೆ ಬಿದ್ದ್ ಮೀನಿಗೆ ನಿದ್ರಿ ಬಪ್ಪುದಿಲ್ಲ!"

ದೊಡ್ಡಮ್ಮ ನಗಲಿಲ್ಲ. ತಂಡೇಲನ ಮುಂದೆ ತುಂಡು ಹಿಡಿದು, "ಬಣ್ಣ ಕಾಣ್ಬೇಡಿ, ಗಂಟ್ ಕಾಣಿ" ಎಂದಳು.

ತಂಡೇಲ ವಯಸ್ಸಾದವರು. ಗಂಟುಗಳನ್ನು ಒಂದೊಂದಾಗಿ ಹೆಬ್ಬೆರಳಿನಲ್ಲಿ ಒತ್ತಿದರು, ಉಪ್ಪುನೀರಿನಲ್ಲಿ ಅದ್ದಿ ಜಗ್ಗಿದರು. "ಗಂಟ್ ಅಡ್ಡಿಲ್ಲ. ಈ ಚೊಗರ್ ನಾ ಕಂಡದ್ದಲ್ಲ. ಬಲೆಯ ಕೈಗೆ ಕಟ್ಟುವಾ. ತಡ್ಕಂಡ್ರೆ ಪಾಲ್. ಹರಿದ್ರೆ ನಂಗೇನ್ ಹೇಳ್ಬೇಡ" ಎಂದರು. ಕೈ ಎಂದರೆ ಬಲೆಯ ತುದಿ; ಎಳೆಯುವ ಹಗ್ಗದ ಬಿಗಿಯೆಲ್ಲ ಮೊದಲು ಬೀಳುವುದು ಅಲ್ಲಿಗೆ.

ಬಿಸಿಲು ಏರಿದಾಗ ಯಾರೋ ಕೂಗಿದರು: "ಮೀನ್ ಎದ್ದಿತ್ತ್!" ನಮ್ಮಲ್ಲಿ ಏಳುವುದು ಮನುಷ್ಯರು, ದನಕರು. ನೋಡಿದರೆ ದೂರದಲ್ಲಿ ನೀರಿನೊಳಗೆ ನೇರಳೆ ಬಣ್ಣದ ಒಂದು ಮೋಡ ನಡೆಯುತ್ತಿತ್ತು, ಮೇಲೆ ಹಕ್ಕಿಗಳು. ದೋಣಿ ಬಲೆ ಬಿಡುತ್ತಾ ಅದನ್ನು ದೊಡ್ಡದಾಗಿ ಬಳಸಿ ಬಂತು. ಹಗ್ಗದ ಎರಡು ತುದಿಯೂ ದಂಡೆಗೆ ಬಂದಾಗ ಇಡೀ ಊರೇ ಎರಡು ಸಾಲಾಗಿ ಎಳೆಯಲು ನಿಂತಿತು. ನನ್ನನ್ನೂ ಯಾರೋ ಹಗ್ಗಕ್ಕೆ ಹಚ್ಚಿದರು. ಎಳೆದಷ್ಟೂ ಕಡಲು ತನ್ನ ಕಡೆಗೆ ಎಳೆಯುತ್ತಿತ್ತು. ಅಷ್ಟು ಜನರ ಉಸಿರು ಒಟ್ಟಿಗೆ ಬಿಡುವ ಸದ್ದನ್ನು ನಾನು ಆಮೇಲೆ ಎಲ್ಲೂ ಕೇಳಿಲ್ಲ.

ಎಲ್ಲರೂ ಕಡಲು ನೋಡುತ್ತಿದ್ದರು. ದೊಡ್ಡಮ್ಮ ನೋಡುತ್ತಿದ್ದದ್ದು ತೆರೆಯೊಳಗಿಂದ ಬರುತ್ತಿದ್ದ ಕಪ್ಪು ಪಟ್ಟಿಯನ್ನು ಮಾತ್ರ. ಅದು ನೀರು ಬಿಟ್ಟು ಮೇಲೆ ಬಂತು. ನೂಲು ತಂತಿಯಂತೆ ಬಿಗಿದಿತ್ತು. ಒಂದು ಕಣ್ಣೂ ಹರಿದಿರಲಿಲ್ಲ. ಅದರಲ್ಲಿ ಒಂದು ಮೀನೂ ಇರಲಿಲ್ಲ, ಬರೀ ಪಾಚಿ. ಮೀನು ಇದ್ದದ್ದು ಕೊನೆಯಲ್ಲಿ, ಬಲೆಯ ಹೊಟ್ಟೆಯಲ್ಲಿ. ಅದು ದಂಡೆಗೆ ಬಿದ್ದಾಗ ಬಂಗುಡೆಗಳು ಮರಳಿಗೆ ಬಡಿಯುವ ಸದ್ದು, ಹೆಂಚಿನ ಮೇಲೆ ಜಡಿಮಳೆ ಸುರಿದ ಹಾಗೆ.

ಮೀನನ್ನು ಮರಳಿನ ಮೇಲೆ ಪಾಲು ಹಾಕಿದರು. ಯಾರ ತುಂಡಿಗೆ ಮೀನು ಬಿತ್ತು, ಯಾರದಕ್ಕೆ ಬೀಳಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ. ಬಲೆ ಒಂದಾದ ಮೇಲೆ ಆ ಮಾತೇ ಅಲ್ಲಿ ಇಲ್ಲ. ತಂಡೇಲರು ಒಂದೊಂದು ಗುಡ್ಡೆಯ ಮುಂದೆ ನಿಂತು ಮನೆಯ ಯಜಮಾನನ ಹೆಸರು ಕೂಗುತ್ತಾ ಬಂದರು. ಕೊನೆಯದರ ಮುಂದೆ ದೊಡ್ಡಪ್ಪನ ಹೆಸರು ಅರ್ಧ ಬಾಯಿಗೆ ಬಂದು ನಿಂತುಹೋಯಿತು.

"ಇದ್ ಯಾರದ್ದ್ ಅಂದೇಳಿ ಕೂಗುದ್ ಈಗ?" ಎಂದರು.

"ನಂದ್" ಎಂದಳು ದೊಡ್ಡಮ್ಮ.

"ಹಾಂಗಾರೆ ಬುಟ್ಟಿ ತಾ ಮಾರಾಯ್ತಿ, ಎಂತ ಕಾಣ್ತಾ ನಿಂತೆ?"

ಅವಳು ಕೂತು ಎರಡೂ ಕೈಯಲ್ಲಿ ಬುಟ್ಟಿಗೆ ಮೀನು ತುಂಬತೊಡಗಿದಳು. ಅಪ್ಪ ಹತ್ತಿರ ಹೋಗಿ, "ಅತ್ತಿಗೆ, ನಾಳೆ ಬೆಳಿಗ್ಗೆ ನಾವು ಹೊರಡ್ತೀವಿ, ನೀವು?" ಎಂದರು.

"ನೀವ್ ಹೊರಡಿ. ನಂಗೆ ಇಲ್ಲಿ ಕೆಲ್ಸ ಇತ್ತಲ್ದಾ" ಎಂದಳು, ತಲೆ ಎತ್ತದೆ.