ಎಣ್ಣೆ ಹಾಕದ ಕ್ಯಾಂಪು

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. ಎಣ್ಣೆಯದ್ದು ಮುಟ್ಟುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟ ಮೇಲೆಯೇ ಆಫೀಸಿನವರ ಜೊತೆ ಶನಿವಾರ, ಭಾನುವಾರದ ಕ್ಯಾಂಪಿಗೆ ಹೊರಟದ್ದು. ಬೋಳಾರದ ಹತ್ತಿರ ದೋಣಿಯಲ್ಲಿ ಹೊಳೆ ದಾಟಿದರೆ ಟೆಂಟುಗಳು. ಅಲ್ಲಿ ಅಡುಗೆ ಮಾಡುವವರು ವಯಸ್ಸಾದ ಒಬ್ಬರು ಕೊಂಕಣಿ ಹೆಂಗಸು, ಎಲ್ಲರೂ 'ಬಾಯಿ' ಎಂದೇ ಕರೆಯುವುದು. ಮೊದಲೇ ಅವರಿಗೆ ಫೋನ್ ಮಾಡಿ ಕೇಳಿದ್ದೆ, "ಬಾಯಿ, ನಿಮ್ಮಲ್ಲಿ ಎಣ್ಣೆ ಜಾಸ್ತಿ ಹಾಕ್ತೀರಾ?"

ಅವರ ಸ್ವರ ಗಟ್ಟಿಯಾಯಿತು. "ಒಂದು ತೊಟ್ಟೂ ಇಲ್ಲ. ಎಣ್ಣೆ ಹಾಕುವವರನ್ನು ನಾವು ಸೇರಿಸುವುದೇ ಇಲ್ಲ."

ಇಂಥ ಅಡುಗೆಯವರೂ ಇದ್ದಾರಲ್ಲ ಎಂದು ನನಗೆ ಕಣ್ಣು ತುಂಬಿ ಬಂದಿತ್ತು.

ಶನಿವಾರ ಮಧ್ಯಾಹ್ನ ತಟ್ಟೆಗೆ ಬಂದದ್ದು ಎಣ್ಣೆಯಲ್ಲಿ ಮುಳುಗೆದ್ದ ಬಂಗುಡೆ ಫ್ರೈ, ಕಡಲೆಹಿಟ್ಟಲ್ಲಿ ಅದ್ದಿ ಕರಿದ ಬದನೆ ಪೋಡಿ.

"ಎಣ್ಣೆ ಇಲ್ಲ ಅಂದಿರಲ್ಲ ಬಾಯಿ?"

ಅವರು ಮರಕ್ಕೆ ಹೊಡೆದಿದ್ದ ಬೋರ್ಡು ತೋರಿಸಿದರು. 'ಮದ್ಯಪಾನ ನಿಷೇಧಿಸಿದೆ.'

"ನೀವು ಆ ಎಣ್ಣೆ ಕೇಳಿದ್ದಲ್ವಾ? ಅಡುಗೆಗೆ ಎಣ್ಣೆ ಹಾಕದೆ ಎಂತ ಮಾಡುವುದು ಮಾರಾಯ್ರೆ?"

ವಾಪಸ್ ದೋಣಿ ಇದ್ದದ್ದು ಭಾನುವಾರ ಸಂಜೆಗೆ. ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುವ ಎಂದರೆ ಮಜ್ಜಿಗೆಗೂ ಒಗ್ಗರಣೆ ಬಿದ್ದಿತ್ತು. ಎರಡು ದಿನ ಆ ಕ್ಯಾಂಪಿನಲ್ಲಿ ಎಣ್ಣೆ ಜಿಡ್ಡಿಲ್ಲದ್ದು ಎಂದು ನನಗೆ ಕಂಡದ್ದು ಒಂದೇ, ಸಹೋದ್ಯೋಗಿಯೊಬ್ಬ ನೀರಿನ ಬಾಟ್ಲಿಯಲ್ಲಿ ಅಡಗಿಸಿ ತಂದಿದ್ದ ಎಣ್ಣೆ. ಡಾಕ್ಟರು ಅದನ್ನೂ ಬೇಡ ಅಂದಿದ್ದಾರೆ.