ಗುಂಡಿಮಾವನ ಹನ್ನೊಂದನೆಯ ಗುಂಡಿ

ಮಣ್ಣು ಪರೀಕ್ಷೆ ಕಚೇರಿಯಲ್ಲಿ ಮೂವತ್ತು ವರ್ಷ ಗುಂಡಿ ತೋಡಿದವನಿಗೆ ಜನ ಇನ್ನೇನು ಹೆಸರಿಡುತ್ತಾರೆ? ಗುಂಡಿಮಾವ. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಆಳುದ್ದ ತೋಡುವುದು, ಗೇಣಿಗೊಂದು ಹಿಡಿ ಮಣ್ಣು ತೆಗೆದು ಗೋಣಿತಾಟಿನ ಮೇಲೆ ಸಾಲಾಗಿ ಇಡುವುದು, ಬೆರಳಲ್ಲಿ ತಿಕ್ಕಿ ನೋಡುವುದು, ಕಂಡದ್ದನ್ನು ಗುಂಡಿ ಪುಸ್ತಕದಲ್ಲಿ ಬರೆಯುವುದು, ಇಷ್ಟೇ ಅವನ ಕೆಲಸ. ಆ ಕಚೇರಿಯಲ್ಲೊಂದು ಹಳೆಯ ನಿಯಮವಿತ್ತು. ತೋಡಿದವನೇ ಬರೆಯಬೇಕು, ತೋಡಿದವನೇ ಸಹಿ ಹಾಕಬೇಕು. ಮೇಲೆ ನಿಂತು ಬಗ್ಗಿ ನೋಡಿದವರ ಸಹಿ ನಡೆಯುತ್ತಿರಲಿಲ್ಲ. ಹಾಗಾಗಿ ಎಲ್ಲರಿಗಿಂತ ಕೆಳಗೆ ನಿಲ್ಲುವ ಮನುಷ್ಯನ ಮಾತಿಗೆ ಆ ಒಂದು ಪುಸ್ತಕದಲ್ಲಾದರೂ ಬೆಲೆಯಿತ್ತು.

ಗುಡ್ಡದ ಕಾಡಿನ ಅಂಚಿನಲ್ಲಿ ಅವನ ಅಕ್ಕನ ಮನೆ. ಮದುವೆಯ ಗೋಜಿಗೆ ಹೋಗದ ತಮ್ಮನಿಗೂ ಅದೇ ಮನೆ. ಅಕ್ಕನದು ಗಟ್ಟಿ ಬಾಯಿ, ಗಟ್ಟಿ ರಟ್ಟೆ. ಒಲೆಯ ಬೂದಿ, ತರಕಾರಿ ಸಿಪ್ಪೆ, ಮೂಳೆ, ಒಡೆದ ಮಡಕೆ ಎಲ್ಲವನ್ನೂ ಬುಟ್ಟಿಗೆ ತುಂಬಿ ಹಿತ್ತಲ ಮರಗಳ ಬುಡಕ್ಕೆ ಸುರಿಯುತ್ತಿದ್ದಳು. ಅವಳ ಅತ್ತೆಯೂ ಹಾಗೇ ಸುರಿದವಳು, ಅತ್ತೆಯ ಅತ್ತೆಯೂ ಅಷ್ಟೇ.

ಹೀಗಿರುವಾಗ ಕಚೇರಿಗೆ ಹೊಸ ಸಾಹೇಬರು ಬಂದರು. ಪುಸ್ತಕ ಓದಿ ಪ್ರಕೃತಿಯನ್ನು ಪ್ರೀತಿಸಿದವರು. ಬೂಟಿಗೆ ಮಣ್ಣು ತಾಗಿದರೆ ಮುಖ ಹುಳ್ಳಗೆ ಮಾಡುವವರು. ಬಂದ ವಾರದಲ್ಲೇ ಗುಡ್ಡದ ಕಾಡು ನೋಡಿ ಮೈಮರೆತರು.

"ಇದು ಮನುಷ್ಯನ ಕೈ ಸೋಕದ ಕಾಡು ಕಣ್ರೀ. ಹಾಗಂತ ಸಾಬೀತು ಮಾಡಿ ಬೇಲಿ ಹಾಕಿಸ್ಬೇಕು. ಅಂಚಲ್ಲಿ ಯಾವುದೋ ಮನೆ ಇದೆಯಲ್ಲ, ಹಿಂದೆ ಕಸದ ರಾಶಿ ಬೇರೆ. ಮೊದಲು ಅದನ್ನ ಎತ್ತಿಸ್ಬೇಕು."

ಗುಂಡಿಮಾವ ಗುದ್ದಲಿ ಕೆಳಗಿಟ್ಟ. "ಅದು ನಮ್ಮಕ್ಕನ ಮನೆ ಸಾರ್."

"ಹೌದಾ? ಒಳ್ಳೇದೇ ಆಯ್ತು. ನೀವೇ ಹೇಳ್ಬಿಡಿ ಅವರಿಗೆ."

ಅಕ್ಕನಿಗೆ ಇದನ್ನು ಹೇಳುವುದಕ್ಕಿಂತ ನೂರು ಗುಂಡಿ ತೋಡುವುದು ಸಲೀಸು. ಅವನು ಗುದ್ದಲಿ ಹೊತ್ತು ಕಾಡಿಗೆ ನಡೆದ.

ಮೊದಲ ಗುಂಡಿ ಕಾಡಿನ ನಟ್ಟನಡುವೆ, ನಾಲ್ವರು ಕೈ ಹಿಡಿದರೂ ತಬ್ಬಲಾಗದ ಮರದ ಪಕ್ಕ. ಮೊಣಕಾಲುದ್ದ ತೋಡುವಷ್ಟರಲ್ಲಿ ಕಪ್ಪು ಮಣ್ಣು, ಅದರಲ್ಲಿ ಬೂದಿ, ಇದ್ದಿಲು. ಇನ್ನೂ ಕೆಳಗೆ ಮಡಕೆ ಚೂರು, ಸುಟ್ಟ ಮೂಳೆ. ಮೇಲೆ ನಿಂತಿದ್ದ ಸಾಹೇಬರು ಹುಬ್ಬು ಗಂಟಿಕ್ಕಿ, "ಪಕ್ಕದಲ್ಲಿ ತೋಡಿ" ಎಂದರು. ಪಕ್ಕದಲ್ಲೂ ಅದೇ ಕಥೆ. ಹತ್ತು ಗುಂಡಿ ತೋಡಿದರೆ ಹತ್ತರಲ್ಲೂ ಯಾರದೋ ಅಡುಗೆಮನೆ. ಪ್ರಯೋಗಾಲಯದಿಂದ ಇದ್ದಿಲಿನ ವಯಸ್ಸು ಬಂತು: ಮೂರು ಸಾವಿರ ವರ್ಷ. ಯಾವ ಕಾಲದ್ದೋ ಅಜ್ಜಿಯಂದಿರು ತಲೆತಲಾಂತರದಿಂದ ಬುಟ್ಟಿ ಬುಟ್ಟಿ ಬೂದಿ ಸುರಿದು ಬರಡು ಗುಡ್ಡಕ್ಕೆ ಕಪ್ಪು ಮಣ್ಣು ಹೊದಿಸಿದ್ದರು. ಅವರು ತಿಂದು ಉಗಿದ ಬೀಜಗಳಿಂದ ಮರ ಎದ್ದಿತ್ತು. ಸಾಹೇಬರು ಕೈಕಟ್ಟಿ ನಿಂತು ಮೈಮರೆತದ್ದು ಒಂದು ತಿಪ್ಪೆಯ ಮುಂದೆ.

"ಇದನ್ನೆಲ್ಲ ಬರೀಲೇಬೇಕಾ?" ಎಂದು ಕೇಳಿದರು ಸಾಹೇಬರು.

"ಕೈಗೆ ಸಿಕ್ಕಿದ್ದು ಬರೀತೀನಿ ಸಾರ್. ತಿಪ್ಪೆ ಸಾರಿಸೋ ಕೆಲಸ ನಂಗೆ ಬರಲ್ಲ."

ಹನ್ನೊಂದನೆಯ ಗುಂಡಿ ಕಾಡಿನಾಚೆ, ಗುಡ್ಡದ ಮೇಲಿನ ಬೋಳು ದಿಣ್ಣೆಯಲ್ಲಿ. ಬರೀ ಗಟ್ಟಿ ಕೆಂಪು ಮಣ್ಣು. ಇದ್ದಿಲಿಲ್ಲ, ಚೂರಿಲ್ಲ. ಹುಲ್ಲೂ ಇಲ್ಲ, ಎರೆಹುಳವೂ ಇಲ್ಲ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಕ್ಕಿತ್ತಂತೆ, ಇಲ್ಲಿ ಅದೂ ಸಿಗಲಿಲ್ಲ. 'ಮನುಷ್ಯನ ಗುರುತಿಲ್ಲ' ಎಂದು ಬರೆದು ಅವನು ಸಹಿ ಹಾಕಿದ. ಸಾಹೇಬರಿಗೆ ಅಷ್ಟೇ ಬೇಕಿತ್ತು. ದಿಣ್ಣೆಯ ಸುತ್ತ ಬೇಲಿ ಬಂತು, 'ಮನುಷ್ಯನ ಕೈ ಸೋಕದ ಪ್ರಕೃತಿ' ಎಂದು ಬೋರ್ಡು ಬಂತು, ಕಾವಲಿಗೆ ಗುಂಡಿಮಾವ ಬಂದ. ನೋಡಲು ಬಂದವರು ಬಿಸಿಲಲ್ಲಿ ನಿಂತು "ಎಷ್ಟು ಶಾಂತವಾಗಿದೆಯಪ್ಪಾ" ಎಂದು ಹೇಳಿ, ಅಕ್ಕನ ಹಿತ್ತಲ ನೆರಳಿಗೆ ಓಡಿ ಬುತ್ತಿ ಬಿಚ್ಚುತ್ತಿದ್ದರು. ಹೇಗೋ, ಅಕ್ಕನ ಮನೆ ಉಳಿಯಿತು.

ನಾಲ್ಕು ವರ್ಷ ಅವನು ಅಲ್ಲಿ ಕೂತ. ಅಕ್ಕ ಕಟ್ಟಿಕೊಟ್ಟ ಡಬ್ಬಿಯ ಊಟ ಮುಗಿಸಿ, ತೊಳೆದ ನೀರು, ಸಿಪ್ಪೆ, ಬೀಜ, ಮೊಟ್ಟೆಯ ಚಿಪ್ಪು ಎಲ್ಲವನ್ನೂ ಬೇಲಿಯ ಮೂಲೆಗೆ ಚೆಲ್ಲುತ್ತಿದ್ದ. ಚಳಿಗೆ ಹಾಕಿದ ಬೆಂಕಿಯ ಬೂದಿಯೂ ಅಲ್ಲಿಗೇ. ಒಳಗೆ ಉಣ್ಣಬಾರದು ಎಂದು ಬೋರ್ಡಿನ ಎರಡನೆಯ ಸಾಲಿನಲ್ಲೇ ಇತ್ತು. ಅವನು ಆ ಬೋರ್ಡಿಗೇ ಒರಗಿ ಉಣ್ಣುತ್ತಿದ್ದ.

ನಿವೃತ್ತಿಗೆ ನಾಲ್ಕು ತಿಂಗಳಿದೆ ಎನ್ನುವಾಗ ಸಾಹೇಬರು ದಿಣ್ಣೆ ನೋಡಲು ಬಂದರು. ಮೂಲೆಯಲ್ಲಿ ಅಗಲ ಎಲೆಯ ಬಳ್ಳಿಯೊಂದು ಬೇಲಿ ಹತ್ತಿ ಹಬ್ಬಿತ್ತು. ಸಾಹೇಬರು ಪ್ಯಾಂಟಿನ ಮೇಲೆ ಕನಿಕರವಿಲ್ಲದೆ ಮಂಡಿಯೂರಿದರು.

"ನೋಡಿದ್ರಾ? ನಾಲ್ಕು ವರ್ಷ ಮನುಷ್ಯರನ್ನ ದೂರ ಇಟ್ಟಿದ್ದಕ್ಕೆ ಪ್ರಕೃತಿ ತಾನಾಗೇ ಚಿಗುರಿದೆ. ಯಾವುದೋ ಅಪರೂಪದ ಬಳ್ಳಿ ಇದು. ಇನ್ನು ಬೇಲಿನ ಗುಡ್ಡದ ಕೆಳಗಿನವರೆಗೂ ಇಳಿಸ್ತೀನಿ. ಆ ಮನೆ ಈ ಸಲ ಉಳಿಯಲ್ಲ. ಇಲ್ಲೇ ಒಂದು ಗುಂಡಿ ತೋಡಿ, ಬರೆದು ಸಹಿ ಹಾಕಿ."

ಗುಂಡಿಮಾವನಿಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಹೆದರಿಕೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಅಕ್ಕ ಬೀದಿಗೆ ಬರುತ್ತಾಳೆ.

"ಕುಂಬಳ ಸಾರ್," ಎಂದ.

"ಏನು?"

"ಕುಂಬಳದ ಬಳ್ಳಿ. ನಮ್ಮಕ್ಕನ ಅಡುಗೆಮನೇದು. ದಿನಾ ಉಂಡು ನಾನೇ ಇಲ್ಲಿ ಚೆಲ್ತಿದ್ದೆ."

ಹೇಳಿ ಸುಮ್ಮನಾಗಲಿಲ್ಲ. ತೋಡಿದ, ಗೋಣಿತಾಟಿನ ಮೇಲೆ ಮಣ್ಣು ಸಾಲಾಗಿ ಇಟ್ಟ, ಪುಸ್ತಕ ತೆಗೆದು ಬರೆದ: 'ಹನ್ನೆರಡನೆಯ ಗುಂಡಿ. ಅರ್ಧ ಗೇಣು ಕಪ್ಪು ಮಣ್ಣು. ಬೂದಿ, ಮೊಟ್ಟೆಯ ಚಿಪ್ಪು. ಮನುಷ್ಯನ ಗುರುತಿದೆ. ಆ ಮನುಷ್ಯ ನಾನೇ.' ಕೆಳಗೆ ಸಹಿ ಹಾಕಿದ.

ಬೇಲಿ ಇದ್ದಲ್ಲೇ ಉಳಿಯಿತು. ಬಳ್ಳಿಯನ್ನು ಕಿತ್ತೆಸೆದರು. ಪ್ರಕೃತಿಗೆ ಧಕ್ಕೆ ತಂದನೆಂದು ಗುಂಡಿಮಾವನನ್ನೂ ಮನೆಗೆ ಕಳಿಸಿದರು.

ಅಕ್ಕ ಒಲೆಯ ಬೂದಿ ಗೋರುತ್ತಿದ್ದಳು. "ಯಾಕೋ, ಇಷ್ಟು ಬೇಗ ಬಂದೆ?"

"ಕೆಲಸ ಹೋಯ್ತಕ್ಕ. ಮನೆ ಉಳೀತು," ಎಂದು ನಡೆದದ್ದನ್ನೆಲ್ಲ ಹೇಳಿದ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಬೂದಿ ಬುಟ್ಟಿಯನ್ನು ಅವನ ಕಾಲ ಬಳಿಗೆ ತಳ್ಳಿದಳು.

"ಹೋಗು, ಇದನ್ನ ಸುರಿದು ಬಾ. ಮುಂದೆ ಬರೋ ಸಾಹೇಬರಿಗೆ ಕಾಡು ಬೇಡ್ವಾ?"

ಗುಂಡಿಮಾವ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ನಡೆದ.